ಎಡಗೆನ್ನೆಯ ಅತಿಮಧುರ

ಶ್ರೀನಿವಾಸಪುರ
8-1-1978

ಚಿ. ರತ್ನಳಿಗೆ ಸೋದರಮಾವ ಕೋದಂಡರಾಮಪ್ಪ ಮಾಡುವ ಆಶೀರ್ವಾದ.

ನಾವೆಲ್ಲ ಚೆನ್ನಾಗಿದ್ದೇವೆ, ನನ್ನ ಹೊಟ್ಟೆಯೊಂದನ್ನು ಬಿಟ್ಟು. ಹೋದ ವಾರ ಬಲಪಕ್ಕೆಯ ನೋವು ಮತ್ತೆ ಕಾಣಿಸಿಕೊಂಡು, ಮಂಡಿಯ ಗೋಣಿಚೀಲಗಳ ಮೇಲೆ ಬಿದ್ದು ಹೊರಳಾಡಿಬಿಟ್ಟೆ. ನಿಮ್ಮ ಕೋಲಾರದ ಆಸ್ಪತ್ರೆಯ ಸರ್ಜನ್ ಪಿತ್ತಕೋಶದಲ್ಲಿ ಕಲ್ಲಿದೆ, ಕೊಯ್ದು ತೆಗೆಯಬೇಕು ಅಂದಾಗ ಸುಮ್ಮನೆ ತಲೆಯಾಡಿಸಿ ಬಂದಿದ್ದೆ. ಈಗ ನಿಜವಾಗಿಯೂ ಒಪ್ಪಿದ್ದೇನೆ. ನಿಮ್ಮತ್ತೆ ರಾಮಲಕ್ಷ್ಮಮ್ಮ ನನಗಿಂತ ಮುಂಚೆಯೇ ಒಪ್ಪಿಬಿಟ್ಟಿದ್ದಾಳೆ.

ಆದರೆ ಎರಡು ಮಾತು. ಒಂದು, ನನಗೆ ಮತ್ತು ಬರಿಸುವವಳು ನೀನೇ ಆಗಿರಬೇಕು. ಅಕ್ಕನ ಮಗಳು ಅದೇ ಕೆಲಸದ ಡಾಕ್ಟರಾಗಿರುವಾಗ ಬೇರೆಯವರ ಕೈಗೆ ಮೂಗು ಬಾಯಿ ಕೊಡುವುದು ನನ್ನಿಂದಾಗದು. ಎರಡು, ಬಾದಾಮಿ, ರಸಪುರಿ ಮಂಡಿಗೆ ಇಳಿಯುವ ಹೊತ್ತಿಗೆ ನಾನು ಎದ್ದು ನಿಂತಿರಬೇಕು. ಈ ಊರಿನ ಮಾವಿನ ಮಂಡಿಗಳಲ್ಲಿ ಹರಾಜು ಕೂಗುವವರು ಬೇಕಾದಷ್ಟು ಜನ ಇರಬಹುದು. ಲಾರಿಗಳ ಗದ್ದಲದ ನಡುವೆಯೂ ಕೊನೆಯ ರಾಶಿಯವರೆಗೆ ಕೇಳಿಸುವ ಗಂಟಲು ಒಂದೇ. ಇದು ನನ್ನ ಜಂಬವಲ್ಲ, ಯಜಮಾನ್ರು ವೆಂಕಟರಾಯಪ್ಪನವರೇ ಆಡುವ ಮಾತು. ಅವರು ನನಗೆ ಜಾಗ ಕೊಟ್ಟಿರುವುದು ನನ್ನ ಮುಖ ನೋಡಿ ಅಲ್ಲ.

ಈ ಕಾಗದ ಬರೆಯುವಾಗಲೂ ಗಂಟಲಿಗೆಂದು ಎಡಗೆನ್ನೆಯಲ್ಲಿ ಅತಿಮಧುರದ ಬೇರು ಇದೆ. ನೀನು ಚಿಕ್ಕವಳಿದ್ದಾಗ, ಮಾಮನಿಗೆ ಹಲ್ಲುನೋವು, ಕೆನ್ನೆ ಊದಿಕೊಂಡಿದೆ ಎಂದು ಅತ್ತಿದ್ದೆ, ನೆನಪಿದೆಯಾ? ಒಂದು ಚೂರು ಬಾಯಿಗೆ ಹಾಕಿದ ಮೇಲೆ ದಿನಾ ನಿನಗೂ ಹಲ್ಲುನೋವು ಬರತೊಡಗಿತು.

ಏನೇನು ಮಾಡುತ್ತೀರಿ ಎಂದು ಬಿಡಿಸಿ ಬರೆ. ತಿಳಿಯದೆ ಮಲಗುವವನಲ್ಲ ನಾನು.

ನಿನ್ನ ಮಾಮ


ಕೋಲಾರ
14-1-1978

ಪೂಜ್ಯ ಮಾಮನಿಗೆ ರತ್ನಳ ನಮಸ್ಕಾರಗಳು.

ನೀವು ಒಪ್ಪಿದ್ದು ಕೇಳಿ ಎಷ್ಟೋ ಸಮಾಧಾನವಾಯಿತು. ಫೆಬ್ರವರಿ ಎಂಟಕ್ಕೆ ಗೊತ್ತಾಗಿದೆ. ಅದರ ಮುಂದಿನ ವಾರ ನಾನು ಅರಿವಳಿಕೆಯ ಡಿಪ್ಲೊಮಾ ಓದಲು ಬೆಂಗಳೂರಿಗೆ ಹೋಗಬೇಕು. ಹೋಗುವ ಮುಂಚೆಯೇ ನಿಮ್ಮದು ಆಗಲಿ ಎಂದು ಸರ್ಜನ್ನರನ್ನು ಕಾಡಿ ದಿನ ಹಾಕಿಸಿದ್ದೇನೆ.

ಬಿಡಿಸಿ ಬರೆ ಅಂದಿದ್ದೀರಿ. ಕೈಯ ನರಕ್ಕೆ ಮದ್ದು ಕೊಟ್ಟ ಕೂಡಲೇ ನಿದ್ದೆ ಬರುತ್ತದೆ. ಅದು ಮನೆಯ ನಿದ್ದೆಯಲ್ಲ. ಮನೆಯಲ್ಲಿ ನೀವು ಗೊರಕೆ ಹೊಡೆದರೆ ಅತ್ತೆ ನಿಮ್ಮನ್ನು ಮಗ್ಗುಲಿಗೆ ತಿರುಗಿಸುತ್ತಾರೆ, ಸದ್ದು ನಿಲ್ಲುತ್ತದೆ. ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿಗೆ ಅಡ್ಡ ಬರುವುದರಿಂದ ಆ ಗೊರಕೆ. ನಮ್ಮ ಮದ್ದಿನಲ್ಲಿ ನಾಲಿಗೆ ಪೂರ್ತಿ ಸಡಿಲವಾಗುತ್ತದೆ. ಹೊಟ್ಟೆಯ ಬಿಗಿ ಬಿಡಿಸಲು ಕೊಡುವ ಇನ್ನೊಂದು ಮದ್ದಿನಿಂದ ಉಸಿರಾಟವೇ ನಿಲ್ಲುತ್ತದೆ. ಆಗ ನಿಮ್ಮ ಬದಲು ನಾನು ಉಸಿರಾಡಿಸಬೇಕು. ಅದಕ್ಕಾಗಿ ಬಾಯಿಯ ಮೂಲಕ, ಧ್ವನಿ ಹೊರಡಿಸುವ ಎರಡು ತಂತುಗಳ ನಡುವೆ, ಕೆಂಪು ರಬ್ಬರಿನ ಕೊಳವೆಯೊಂದನ್ನು ಶ್ವಾಸನಾಳಕ್ಕೆ ಇಳಿಸುತ್ತೇನೆ. ಅದರ ಇನ್ನೊಂದು ತುದಿಗೆ ಕರಿಯ ಚೀಲವಿರುತ್ತದೆ. ನಾನು ಚೀಲ ಹಿಸುಕಿದರೆ ನಿಮ್ಮ ಎದೆ ಏಳುತ್ತದೆ, ಬಿಟ್ಟರೆ ಇಳಿಯುತ್ತದೆ. ಎಲ್ಲ ಮುಗಿದು ನಿಮ್ಮ ಉಸಿರು ನಿಮಗೆ ಮರಳಿದ ಮೇಲೆ ಕೊಳವೆ ತೆಗೆಯುತ್ತೇನೆ.

ಹಿಂದಿನ ರಾತ್ರಿ ಊಟವಾದ ಮೇಲೆ ಏನೂ ತಿನ್ನಬಾರದು, ಒಂದು ಗುಟುಕು ನೀರನ್ನೂ ಕುಡಿಯಬಾರದು. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಮತ್ತಿನಲ್ಲಿ ಅದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿದುಬಿಡಬಹುದು. ಇದೊಂದನ್ನು ತಪ್ಪದೆ ನಡೆಸಿಕೊಡಿ. ಅಲುಗಾಡುವ ಹಲ್ಲಿದ್ದರೆ ಮೊದಲೇ ಹೇಳಿ.

ಆಮೇಲೆ ಗಂಟಲು ಒಂದೆರಡು ದಿನ ಕೆರೆಯಬಹುದು. ಅದಕ್ಕಿಂತ ಹೆಚ್ಚೇನೂ ಆಗದು.

ನಿಮ್ಮ ರತ್ನ


ಶ್ರೀನಿವಾಸಪುರ
22-1-1978

ಚಿ. ರತ್ನಳಿಗೆ ಆಶೀರ್ವಾದ.

ನಿನ್ನ ಕಾಗದ ಮತ್ತೆ ಮತ್ತೆ ಓದಿದೆ. ಓದಬಾರದಿತ್ತು. ಕಲ್ಲಿರುವುದು ಹೊಟ್ಟೆಯಲ್ಲಿ, ನೀನು ಕೈಹಾಕುವುದು ಗಂಟಲಿಗೆ. ಅದೂ ಎಲ್ಲಿ? ನನ್ನ ಅನ್ನ ಹುಟ್ಟುವ ಆ ಎರಡು ತಂತುಗಳ ಮಧ್ಯಕ್ಕೇ. ಮೂಗಿನ ಹತ್ತಿರ ಹಿಡಿದು ಊದಿದರೆ ಆಗುವುದಿಲ್ಲವೇ? ಕೊಳವೆ ಎಷ್ಟು ದಪ್ಪ? ಅದಕ್ಕೆ ಬೆಣ್ಣೆಯನ್ನೋ ಹರಳೆಣ್ಣೆಯನ್ನೋ ಸವರುತ್ತೀರಾ, ಒಣಗಿದ್ದನ್ನೇ ತುರುಕುತ್ತೀರಾ? ನನಗೆ ಒಂದೂ ಬಗೆಹರಿಯುತ್ತಿಲ್ಲ. ರಾತ್ರಿ ನಿಮ್ಮತ್ತೆಗೆ ಓದಿ ಹೇಳಿದೆ. “ಹುಡುಗಿ ಅಷ್ಟು ಓದವ್ಳೆ, ನಿಮ್ಮ ಗಂಟಲು ತಗೊಂಡು ಅವಳೇನು ಮಾಡ್ತಾಳೆ, ಮಲಗ್ರಿ ಸುಮ್ನೆ” ಅಂದಳು. ಅವಳು ಮಲಗಿದಳು. ನಾನು ಗೊರಕೆ ಬಂದೀತೆಂದು ಎದ್ದು ಕೂತಿದ್ದೆ.

ಹಲ್ಲು ಗಟ್ಟಿಯಾಗಿವೆ, ಈಗಲೂ ಕಬ್ಬು ಸಿಗಿಯುತ್ತೇನೆ. ಊಟ ನೀರಿನ ಮಾತನ್ನು ಚಾಚೂ ತಪ್ಪದೆ ನಡೆಸಿಕೊಡುತ್ತೇನೆ, ಎಂಜಲನ್ನೂ ನುಂಗುವುದಿಲ್ಲ. ನೀನು ನಿನ್ನ ಕೆಲಸ ಮಾಡು. ನನ್ನ ಗಂಟಲಿಗೆ ಕಾವಲು ಹಾಕಿಕೊಳ್ಳುವುದು ನನಗೆ ಗೊತ್ತಿದೆ.

ಎಂಟರಂದು ಮೊದಲ ಬಸ್ಸಿಗೆ ಬರಬೇಕೋ, ಹಿಂದಿನ ದಿನವೇ ಬಂದು ಸೇರಬೇಕೋ?

ಮಾಮ


ಬೆಂಗಳೂರು
24-2-1978

ಪೂಜ್ಯ ಮಾಮನಿಗೆ ನಮಸ್ಕಾರಗಳು.

ಹೊರಡುವ ದಿನ ವಾರ್ಡಿಗೆ ಬಂದಾಗ ನೀವು ಮಲಗಿದ್ದಿರಿ, ಎಬ್ಬಿಸಲಿಲ್ಲ. ಹೊಲಿಗೆ ಬಿಚ್ಚಿಸಿಕೊಂಡು ಊರು ಸೇರಿದಿರೆಂದು ಅಮ್ಮ ಹೋಳೂರಿನಿಂದ ಬರೆದಿದ್ದಾಳೆ.

ಎಲ್ಲ ಸರಿಯಾಗಿಯೇ ನಡೆಯಿತು. ಎಚ್ಚರವಾಗುವಾಗ ಸ್ವಲ್ಪ ಕೆಮ್ಮಿದಿರಿ, ಅಷ್ಟೇ. ಅಂದಹಾಗೆ, ಕೆಮ್ಮು ಈಗ ಇದೆಯೇ? ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತದೆಯೇ? ಸುಮ್ಮನೆ ಕೇಳುತ್ತಿದ್ದೇನೆ, ಗಾಬರಿಯಾಗಬೇಡಿ. ಧ್ವನಿ ಹೇಗಿದೆ?

ಇಲ್ಲಿ ಓದುವುದು ತುಂಬಾ ಇದೆ. ಓದಿದಷ್ಟೂ, ಕೋಲಾರದಲ್ಲಿ ಎಷ್ಟು ಧೈರ್ಯವಾಗಿ ಮತ್ತು ಕೊಡುತ್ತಿದ್ದೆನಲ್ಲ ಎಂದು ಆಶ್ಚರ್ಯವಾಗುತ್ತದೆ.

ರತ್ನ


ಶ್ರೀನಿವಾಸಪುರ
6-3-1978

ಚಿ. ರತ್ನಳಿಗೆ ಆಶೀರ್ವಾದ.

ಹೊಟ್ಟೆ ವಾಸಿಯಾಗಿದೆ. ಸರ್ಜನ್ನರಿಗೆ ದೊಡ್ಡ ನಮಸ್ಕಾರ. ಗಾಯವನ್ನು ನೋಡಲು ಜನ ಬರುತ್ತಾರೆ, ನಾನು ಅಂಗಿ ಎತ್ತಿ ತೋರಿಸಿ ವಿವರಿಸಲು ಬಾಯಿ ತೆರೆದರೆ ಅವರು ಹೊಟ್ಟೆ ಬಿಟ್ಟು ಬಾಯಿ ನೋಡತೊಡಗುತ್ತಾರೆ. ಒಡೆದ ಕೊಳಲಿನ ಹಾಗಿದೆ ದನಿ. ಮದನಪಲ್ಲಿ ಕಡೆಯ ವ್ಯಾಪಾರಿಯೊಬ್ಬರು ತೋಟ ನೋಡಲು ಬಂದವರು “ಏಮಿ ಕೋದಂಡರಾಮಪ್ಪಾ, ಗೊಂತು ಯಾಡ ಪೋಯಿಂದಿ” ಎಂದು ಕೇಳಿಬಿಟ್ಟರು. ಗಂಟಲು ಎಲ್ಲಿ ಹೋಯಿತೆಂದು ನನ್ನನ್ನು ಕೇಳಿದರೆ? ಕೊಂಡುಹೋದವಳು ಬೆಂಗಳೂರಿನಲ್ಲಿದ್ದಾಳೆ ಅಂದೆ. ತಮಾಷೆಗೆ ಅಂದದ್ದು, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಆದರೂ ಕೇಳುತ್ತೇನೆ. ಹೊಟ್ಟೆಗೆ ಕೊಯ್ದರೆ ಗಂಟಲು ಏಕೆ ಹೋಗಬೇಕು? ಒಂದೆರಡು ದಿನ ಅಂದಿದ್ದೆ. ಆ ಒಂದೆರಡು ದಿನ ಕಳೆದು ಶಿವರಾತ್ರಿ ಬಂತು.

ಕೆಮ್ಮು ಸ್ವಲ್ಪ ಇದೆ. ನೀನು ಅಷ್ಟು ವಿಚಾರಿಸುವಂಥದ್ದೇನಲ್ಲ. ಮಂಡಿಯಲ್ಲಿ ಎರಡನೆಯ ಕೂಗು ನಮ್ಮ ಮುನಿಶಾಮಿಯದು, ನನಗೂ ಅವನಿಗೂ ದಿನಾ ಬೈಟೂ ಟೀ ಎಂದು ನಿನಗೆ ಗೊತ್ತಲ್ಲ. ಅವನು ತನ್ನ ಅರ್ಧ ಟೀಗೆ ಮೆಣಸಿನಪುಡಿ ಹಾಕಿಸಿ ನನಗೇ ಕೊಡುತ್ತಿದ್ದಾನೆ. ಹಣ್ಣು ಬರುವಷ್ಟರಲ್ಲಿ ಸರಿಹೋಗುತ್ತದೆ ಎಂದು ಅವನೂ ಅನ್ನುತ್ತಾನೆ.

ಮಾಮ


ಬೆಂಗಳೂರು
15-3-1978

ಪೂಜ್ಯ ಮಾಮನಿಗೆ ನಮಸ್ಕಾರಗಳು.

ನಿಮ್ಮ ತಮಾಷೆಗೆ ನಗಲು ಆಗಲಿಲ್ಲ. ಕೊಳವೆ ತಾಗಿ ಧ್ವನಿತಂತು ಊದಿಕೊಂಡಿರಬಹುದು, ಅಪರೂಪಕ್ಕೆ ಸಣ್ಣ ಗಾಯವೂ ಆಗುತ್ತದೆ. ನನ್ನ ಕೈ ಹಗುರ ಎಂದು ಕೋಲಾರದಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನೂ ನಂಬಿದ್ದೆ. ಮೊದಲ ಸಲಕ್ಕೇ ಇಳಿಯಿತು ಮಾಮ, ಎರಡನೆಯ ಸಲ ಪ್ರಯತ್ನಿಸಲೇ ಇಲ್ಲ. ಆದರೂ ಹೀಗೇಕಾಯಿತೆಂದು ನನಗೆ ಗೊತ್ತಾಗುತ್ತಿಲ್ಲ.

ಕೂಗಬೇಡಿ. ಪಿಸುಮಾತನ್ನೂ ಆಡಬೇಡಿ, ಅದರಿಂದ ತಂತುಗಳಿಗೆ ಹೆಚ್ಚು ಶ್ರಮ. ಮೆಣಸಿನಪುಡಿ ಖಂಡಿತ ಬೇಡ. ಬಿಸಿನೀರಿನ ಹಬೆ ತೆಗೆದುಕೊಳ್ಳಿ. ಇಲ್ಲಿಗೆ ಬಂದರೆ ಗಂಟಲಿನ ಡಾಕ್ಟರಿಗೆ ತೋರಿಸುತ್ತೇನೆ. ಯಾವ ದಿನ ಬರುತ್ತೀರೆಂದು ಬರೆಯಿರಿ, ಬಸ್‌ಸ್ಟ್ಯಾಂಡಿಗೆ ಬರುತ್ತೇನೆ.

ರತ್ನ


ಶ್ರೀನಿವಾಸಪುರ
12-4-1978

ಚಿ. ರತ್ನಳಿಗೆ ಆಶೀರ್ವಾದ.

ಯುಗಾದಿ ಆಯಿತು. ನಿಮ್ಮತ್ತೆ ಹೋಳಿಗೆ ಮಾಡಿದ್ದಳು. ಈ ಸಲ ಕಾಯಿ ಚೆನ್ನಾಗಿ ಹಿಡಿದಿದೆ. ನನಗೆ ಬೆಂಗಳೂರಿಗೆ ಬರಲು ಪುರುಸೊತ್ತಿಲ್ಲ. ನೀನು ಚೆನ್ನಾಗಿ ಓದು.

ಮಾಮ


ಬೆಂಗಳೂರು
19-4-1978

ಪೂಜ್ಯ ಮಾಮನಿಗೆ ನಮಸ್ಕಾರಗಳು.

ಕಾಗದ ಚಿಕ್ಕದಾದರೂ ಎಷ್ಟು ನೆಮ್ಮದಿಯಾಯಿತು ಎಂದು ಹೇಳಲಾರೆ. ಪುರುಸೊತ್ತಿಲ್ಲ ಎಂದರೆ ಮಂಡಿಯ ಕೆಲಸ ಶುರುವಾಗಿದೆ, ಗಂಟಲು ಬಿಟ್ಟಿದೆ ಎಂದೇ ಅರ್ಥ. ನಿನ್ನೆ ನನ್ನ ಜೊತೆಯವರಿಗೆಲ್ಲ ಹೇಳಿದೆ, ನಮ್ಮ ಮಾಮ ಕೂಗಿದರೆ ಶ್ರೀನಿವಾಸಪುರದ ಕೂಗು ಮುಳಬಾಗಿಲಿಗೆ ಕೇಳುತ್ತದೆ ಅಂತ. ಮೊದಲ ಬಾದಾಮಿ ಯಾರ ಕೈಯಲ್ಲಾದರೂ ಕಳಿಸಿಕೊಡಿ.

ರತ್ನ


ಶ್ರೀನಿವಾಸಪುರ
7-5-1978

ರತ್ನ,

ನಿನ್ನ ಕಾಗದ ಓದಿ ನಗಬೇಕೋ ಅಳಬೇಕೋ ತಿಳಿಯದೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಬಾದಾಮಿ ಕೇಳಿದ್ದೀಯ. ಮಂಡಿಯಲ್ಲಿ ಬಾದಾಮಿಯನ್ನು ಕೂಗುತ್ತಿರುವವನು ಮುನಿಶಾಮಿ. ನಾನು ಮನೆಯ ಜಗಲಿಯಲ್ಲಿ ಕೂತು ಕೇಳುತ್ತೇನೆ. ಎರಡು ಬೀದಿ ದಾಟುವಷ್ಟರಲ್ಲಿ ಅವನ ದನಿ ಸೊರಗಿಹೋಗುತ್ತದೆ. ಅದನ್ನು ಕೇಳುವುದು ಒಂದು ಹಿಂಸೆ, ಕೇಳದೆ ಇರುವುದು ಇನ್ನೊಂದು.

ನನಗೆ ಕ್ಷಯವಂತೆ. ಮಾರ್ಚಿ ತಿಂಗಳಿಂದಲೇ ಸಂಜೆಯಾದರೆ ಜ್ವರ ಬರುತ್ತಿತ್ತು. ನಿನಗೆ ಬರೆಯಲಿಲ್ಲ, ಪರೀಕ್ಷೆಗೆ ಓದುವವಳಿಗೆ ಏಕೆಂದು. ಕೆಮ್ಮಿದರೆ ನಾರುವ ಕಫ. ಇಲ್ಲಿನ ಡಾಕ್ಟರು ಎಕ್ಸ್‌ರೇ ತೆಗೆಸಿದರು, ಬಲಗಡೆಯ ಶ್ವಾಸಕೋಶದ ಕೆಳಗೆ ಬೆಳ್ಳಗೆ ಕಾಣಿಸುತ್ತದೆ. ಕಫದಲ್ಲಿ ಏನೂ ಸಿಗಲಿಲ್ಲ, ಆದರೂ ಇದು ಅದೇ ಎಂದು ಸೂಜಿ ಶುರುಮಾಡಿದ್ದಾರೆ. ಸೂಜಿಯಿಂದ ತಲೆ ತಿರುಗುತ್ತದೆ, ಜ್ವರ ಹಾಗೆಯೇ ಇದೆ. ಯಜಮಾನ್ರು ಬೈಯಲಿಲ್ಲ. “ರೆಸ್ಟ್ ತಗೊಳಪ್ಪ, ಮುಂದಿನ ವರ್ಷ ನೋಡಾಣ” ಅಂದರು. ಬೈದಿದ್ದರೆ ಚೆನ್ನಾಗಿತ್ತು. ಟೀ ಅಂಗಡಿಯ ಅಶ್ವತ್ಥಪ್ಪ ನನ್ನ ಲೋಟಕ್ಕೆ ಕೆಂಪು ದಾರ ಕಟ್ಟಿ ಬೇರೆ ಇಟ್ಟಿದ್ದಾನೆ. ಬೈಟೂ ಎಂದು ನಾನು ಕೇಳುವುದಿಲ್ಲ, ಮುನಿಶಾಮಿಯೂ ಕೇಳುವುದಿಲ್ಲ.

ನನಗೂ ಲೆಕ್ಕ ಬರುತ್ತದೆ. ಆಪರೇಷನ್ನಿಗೆ ಮುಂಚೆ ಕೆಮ್ಮಿರಲಿಲ್ಲ. ಆಮೇಲೆ ಬಂತು. ಸೂಜಿ ಹಾಕುವ ಕಾಂಪೌಂಡರ್ ಮೊನ್ನೆ ಒಂದು ಮಾತು ಹೇಳಿದ. ನಿಮ್ಮ ಆ ಕೆಂಪು ಕೊಳವೆಯನ್ನು ತೊಳೆದು ಒಬ್ಬರಾದ ಮೇಲೆ ಒಬ್ಬರಿಗೆ ಹಾಕುತ್ತಾರಂತೆ. ರತ್ನ, ನನಗಿಂತ ಮುಂಚೆ ಅದು ಯಾರ ಬಾಯಲ್ಲಿತ್ತು? ಬೇರೆಯವರಾಗಿದ್ದರೆ ನಾನು ಕೇಳುತ್ತಿರಲಿಲ್ಲ. ನಿನ್ನನ್ನು ಕೇಳುತ್ತಿದ್ದೇನೆ, ನೇರವಾಗಿ ಹೇಳು.

ನನ್ನ ಕೈಲಾದ ಕಾವಲು ನಾನು ಹಾಕಿಕೊಂಡೇ ಬಂದಿದ್ದೆ. ಒಂದು ಗುಟುಕು ನೀರು ಮುಟ್ಟಲಿಲ್ಲ, ನಿನ್ನ ಮಾತು ನಡೆಸಿಕೊಟ್ಟೆ. ಗಾಲಿಮಂಚದ ಮೇಲೆ ಮಲಗಿಸುವ ಮುಂಚೆ, ಮುಳಬಾಗಿಲಿನ ಗ್ರಂಥಿಗೆ ಅಂಗಡಿಯಿಂದ ಅದಕ್ಕೆಂದೇ ತಂದ ಅತಿಮಧುರದ ಹೊಸ ತುಂಡನ್ನು ಎಡಗೆನ್ನೆಗೆ ಒತ್ತಿಕೊಂಡಿದ್ದೆ, ಕೊಳವೆ ಹೋಗಿ ಬರುವಾಗ ಗಂಟಲು ಒಣಗದೆ ಇರಲಿ ಎಂದು. ಅದು ಊಟವಲ್ಲ, ತಿಂಡಿಯಲ್ಲ, ನುಂಗುವ ಪದಾರ್ಥವೂ ಅಲ್ಲ. ಅಂಥ ಬೇರೂ ಉಪಯೋಗಕ್ಕೆ ಬರಲಿಲ್ಲ. ಎಚ್ಚರವಾದಾಗ ಬಾಯಲ್ಲಿ ಇರಲಿಲ್ಲ. ನೀವು ತೆಗೆದು ಎಸೆದಿರಿ ಎಂದು ಸುಮ್ಮನಾದೆ.

ಕೋದಂಡರಾಮಪ್ಪ


ಬೆಂಗಳೂರು
10-5-1978

ಮಾಮ,

ಇದನ್ನು ಶ್ರೀನಿವಾಸಪುರದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಿದ್ದೇನೆ. ಓದಿದ ಕೂಡಲೇ ಎಕ್ಸ್‌ರೇ ತೆಗೆದುಕೊಂಡು ಹೊರಡು.

ಆ ಬೇರನ್ನು ನಾವು ಯಾರೂ ತೆಗೆಯಲಿಲ್ಲ. ನಾನು ನೋಡಲೇ ಇಲ್ಲ. ಬಾಯಿ ತೆರೆದು, ಗಂಟಲು ನೋಡುವ ದೀಪದ ಅಲಗನ್ನು ಬಲಗಡೆಯಿಂದ ಇಳಿಸಿ ನಾಲಿಗೆಯನ್ನು ಎಡಕ್ಕೆ ತಳ್ಳುವುದು ನಮ್ಮ ಪದ್ಧತಿ. ನಾಲಿಗೆ ಎಡಗೆನ್ನೆಯನ್ನು ಮುಚ್ಚಿಬಿಡುತ್ತದೆ. ಅಲ್ಲಿ ಏನಿದ್ದರೂ ಕಾಣಿಸುವುದಿಲ್ಲ. ನಿನ್ನ ಎಡಗೆನ್ನೆ ಯಾವತ್ತೂ ಉಬ್ಬಿರುತ್ತದೆ ಎಂದು ಹುಟ್ಟಿದಾಗಿನಿಂದ ಗೊತ್ತಿರುವವಳು ನಾನು. ಜನವರಿಯಲ್ಲಿ ನೀನೇ ಬರೆದೂ ಇದ್ದೆ. ಆ ದಿನ ನಾನು ಡಾಕ್ಟರಾಗಿ ನಿನ್ನ ಬಾಯಿ ನೋಡಿದೆ, ಅಕ್ಕನ ಮಗಳಾಗಿ ನೋಡಲಿಲ್ಲ.

ಇನ್ನೊಂದು ಮಾತು. ಸ್ವಲ್ಪ ಕೆಮ್ಮಿದಿರಿ ಎಂದು ಬರೆದಿದ್ದೆನಲ್ಲ, ಅದು ಪೂರ್ತಿ ನಿಜವಲ್ಲ. ಕೊಳವೆ ತೆಗೆದ ಮರುಕ್ಷಣ ನೀನು ಜೋರಾಗಿ ಕೆಮ್ಮಿ ಉಸಿರು ಒಳಗೆಳೆದುಕೊಂಡೆ. ಆಮೇಲೆ ಎದೆ ಏಳಲಿಲ್ಲ. ತುಟಿ ನೀಲಿಯಾಯಿತು. ಧ್ವನಿತಂತು ಬಿಗಿದುಕೊಂಡಿದೆ, ಹಾಗಾಗುವುದುಂಟು ಎಂದುಕೊಂಡು ಮುಖಕ್ಕೆ ಮಾಸ್ಕ್ ಒತ್ತಿ ಆಮ್ಲಜನಕ ಕೊಟ್ಟೆ. ಸ್ವಲ್ಪ ಹೊತ್ತಿಗೆ ದಾರಿ ಬಿಟ್ಟಿತು, ನೀನು ಕಣ್ಣು ತೆರೆದೆ. ನಾನು ಗೆದ್ದೆ ಎಂದುಕೊಂಡೆ. ಈಗ ಅನ್ನಿಸುತ್ತದೆ, ದಾರಿಯಲ್ಲಿ ಸಿಕ್ಕಿಕೊಂಡಿದ್ದ ಬೇರು ತಂತುಗಳನ್ನು ಕೆರೆದುಕೊಂಡು ಒಳಗಿಳಿದದ್ದರಿಂದ ದಾರಿ ಬಿಟ್ಟಿತೇನೋ. ನಿನ್ನ ದನಿ, ಕೆಮ್ಮು, ಆ ಬಿಳಿ ಕಲೆ ಎಲ್ಲಕ್ಕೂ ಅದೇ ಕಾರಣವಿರಬಹುದು.

ಇರಬಹುದು ಎಂದಷ್ಟೇ ಹೇಳಬಲ್ಲೆ. ಬೇರು ಎಕ್ಸ್‌ರೇಯಲ್ಲಿ ಕಾಣಿಸುವುದಿಲ್ಲ. ನಮ್ಮ ಪ್ರೊಫೆಸರಿಗೆ ಹೇಳಿದೆ, ಇದು ನಿನ್ನ ಊಹೆ ಎಂದರು. ನೋಡಬೇಕಾದರೆ ಗಟ್ಟಿ ಕೊಳವೆಯೊಂದನ್ನು ಶ್ವಾಸನಾಳದೊಳಗೆ ಇಳಿಸಿ ನೋಡಬೇಕು, ಸಿಕ್ಕರೆ ಚಿಮುಟದಿಂದ ಹಿಡಿದು ತೆಗೆಯಬೇಕು. ಮತ್ತೆ ಮತ್ತು ಕೊಡಲೇಬೇಕು.

ಕೊಳವೆಯ ಪ್ರಶ್ನೆಗೆ ಉತ್ತರ: ಹೌದು, ತೊಳೆದು ಔಷಧಿಯ ನೀರಿನಲ್ಲಿ ನೆನೆಸಿ ಮತ್ತೆ ಬಳಸುತ್ತೇವೆ. ನಿನಗಿಂತ ಮುಂಚೆ ಯಾರಿಗೆ ಹಾಕಿದ್ದರೆಂದು ನನಗೆ ಗೊತ್ತಿಲ್ಲ. ಅದರಿಂದ ನಿನಗೆ ರೋಗ ಬಂದಿಲ್ಲ ಎಂದು ಆಣೆ ಮಾಡಲಾರೆ, ಬಂದಿಲ್ಲ ಎಂದು ನಂಬಿದ್ದೇನೆ.

ಬಾ ಮಾಮ.

ರತ್ನ


ಶ್ರೀನಿವಾಸಪುರ
13-5-1978

ಚಿ. ರತ್ನಳಿಗೆ,

ಕಂಡಕ್ಟರ್ ಕಾಗದ ಕೊಟ್ಟ. “ನೀವು” ಹೋಗಿ “ನೀನು” ಬಂದಿದ್ದನ್ನು ನೋಡಿಯೇ ವಿಷಯ ದೊಡ್ಡದೆಂದು ತಿಳಿಯಿತು.

ನನ್ನ ತಲೆ ಗೊಂದಲದ ಗೂಡಾಗಿದೆ. ನೀವು ತೆಗೆದಿರಿ ಎಂದು ನಾನು, ಬೇರು ಇತ್ತೆಂದೇ ತಿಳಿಯದೆ ನೀನು. ಹಾಗಾದರೆ ಮೂರು ತಿಂಗಳಿಂದ ಅದನ್ನು ಹೊತ್ತುಕೊಂಡು ಓಡಾಡುತ್ತಿರುವವನು ನಾನೇ? ಆ ದಿನದ ಪಂಚೆ, ಟವೆಲು, ಚೀಲ ಎಲ್ಲ ಕೊಡವಿ ಹುಡುಕಿಸಿದೆ. ಇಲ್ಲ. ಇಲ್ಲಿನ ಡಾಕ್ಟರನ್ನು ಕೇಳಿದೆ. ಬೇರಂತೆ, ನಾರಂತೆ, ಕ್ಷಯದವರು ನೂರು ನೆಪ ಹೇಳುತ್ತಾರೆ, ನಡುವೆ ಸೂಜಿ ಬಿಟ್ಟರೆ ಉಳಿಯುವುದಿಲ್ಲ ಎಂದು ಗದರಿದರು. ಅವರೂ ಓದಿದವರೇ, ನೀನೂ ಓದಿದವಳೇ. ಅವರ ಮಾತು ಕೇಳಿದರೆ ನಿನ್ನದು ಸುಳ್ಳು, ನಿನ್ನದು ಕೇಳಿದರೆ ಅವರದು ಸುಳ್ಳು. ನೀನು ಕೊಳವೆ ಇಳಿಸಿ ನೋಡಿ, ಅಲ್ಲಿ ಏನೂ ಇಲ್ಲದಿದ್ದರೆ? ಉಳಿದಿರುವ ಚೂರುಪಾರು ದನಿಯೂ ಹೋದರೆ?

ತುಟಿ ನೀಲಿಯಾದದ್ದನ್ನು ಅವತ್ತೇ ಹೇಳಿದ್ದರೆ ನಾನೂ ಬೇರಿನ ಮಾತು ಎತ್ತುತ್ತಿದ್ದೆನೋ ಏನೋ. ನಾನು ಹೆದರಬಾರದೆಂದು ನೀನು, ನೀನು ಬೈಯಬಾರದೆಂದು ನಾನು. ಚೆನ್ನಾಗಿದೆ ನಮ್ಮ ವ್ಯವಹಾರ.

ಕೋಪ ಬಂದಿದೆ ರತ್ನ, ಸುಳ್ಳೇಕೆ ಹೇಳಲಿ. ಯಾರ ಮೇಲೆ ಎಂದು ಮಾತ್ರ ತಿಳಿಯುತ್ತಿಲ್ಲ. ನಿಮ್ಮತ್ತೆ ಒಂದೇ ಮಾತಿನಲ್ಲಿ ಮುಗಿಸಿದಳು. “ಬಾಯೊಳಗೆ ಇಟ್ಕೊಂಡಿದ್ದ ನೀವೇ ಬೇರು ಎಲ್ಲಿ ಹೋಯ್ತು ಅಂತ ಕೇಳ್ಲಿಲ್ಲ. ಆ ಮಗು ಈಗಾದ್ರೂ ಕೇಳ್ತಾ ಐತೆ. ನಡೀರಿ, ಹೋಗಾಣ.”

ಮಂಗಳವಾರ ಬೆಳಗಿನ ಬಸ್ಸಿಗೆ ಬರುತ್ತೇವೆ. ಹಳೆಯ ಷರತ್ತೇ ಈಗಲೂ. ತಲೆಯ ಹತ್ತಿರ ನೀನೇ ನಿಂತಿರಬೇಕು.

ಮಾಮ


ಬೆಂಗಳೂರು
14-6-1978

ಪ್ರೀತಿಯ ಮಾಮನಿಗೆ,

ಜ್ವರ ಬಿಟ್ಟಿತೆಂದು ತಿಳಿಯಿತು. ಇಲ್ಲಿನ ಆಸ್ಪತ್ರೆಯ ಕಾಗದ ನೋಡಿದ ಮೇಲೆ ಅಲ್ಲಿನ ಡಾಕ್ಟರು ತಾವಾಗಿಯೇ ಸೂಜಿ ನಿಲ್ಲಿಸಿದರಂತೆ, ಒಳ್ಳೆಯದಾಯಿತು. ಇಲ್ಲಿದ್ದಾಗ ನಿನ್ನ ಸುತ್ತ ಯಾವಾಗಲೂ ಜನ, ನಾನು ಸರಿಯಾಗಿ ಹೇಳಲು ಆಗಲಿಲ್ಲ. ನೀನು ಮಲಗಿದ್ದಾಗ ಏನಾಯಿತೆಂದು ಈ ಸಲ ಪೂರ್ತಿ ಬರೆಯುತ್ತೇನೆ.

ಮತ್ತು ಕೊಡುವ ಮುಂಚೆ ನಾನು ಎರಡೂ ಕೆನ್ನೆಗಳಲ್ಲಿ ಬೆರಳಾಡಿಸಿ ನೋಡಿದ್ದು ನಿನಗೆ ನೆನಪಿರಬೇಕು. ನೀನು ನಕ್ಕೆ. ಆಮೇಲೆ ನಗುವಂಥದ್ದೇನೂ ಇರಲಿಲ್ಲ. ಒಳಗೆ ಇಳಿಸುವ ಗಟ್ಟಿ ಕೊಳವೆ ಒಂದೇ. ಅದರಲ್ಲೇ ನಾನು ಉಸಿರು ಕೊಡಬೇಕು, ಅದರಲ್ಲೇ ಸರ್ಜನ್ ಚಿಮುಟ ಇಳಿಸಬೇಕು. ಅವರು ನೋಡುವಾಗ ನಿನಗೆ ಉಸಿರಿಲ್ಲ, ನಾನು ಉಸಿರು ಕೊಡುವಾಗ ಅವರಿಗೆ ಏನೂ ಕಾಣಿಸುವುದಿಲ್ಲ. ಮೊದಲ ಸಲ ನೋಡಿದಾಗ ಅವರು ಊದಿದ ಮಾಂಸವಷ್ಟೇ ಇದೆ, ಗಂಟು ಬೆಳೆದಿರಬೇಕು ಅಂದರು. ಪ್ರೊಫೆಸರ್ ನನ್ನ ಮುಖ ನೋಡಿದರು. ನನ್ನ ಊಹೆ ತಪ್ಪಾಯಿತು, ಸುಮ್ಮನೆ ನಿನ್ನನ್ನು ಎರಡನೆಯ ಸಲ ಸಾವಿನ ಹತ್ತಿರ ತಂದು ನಿಲ್ಲಿಸಿದೆ ಎಂದುಕೊಂಡೆ. ನಿನ್ನ ತುಟಿಯ ಬಣ್ಣ ಕುಂದತೊಡಗಿತು. ನಿಲ್ಲಿಸಿ ಎಂದು ಹೇಳಿ ಉಸಿರು ಕೊಟ್ಟೆ. ಬಣ್ಣ ಬಂದ ಮೇಲೆ ಇನ್ನೊಂದೇ ಒಂದು ಸಲ ನೋಡಿ ಎಂದು ಕೇಳಿಕೊಂಡೆ. ಆ ಮಾಂಸದ ಹಿಂದೆ ಅದು ಇತ್ತು. ಚಿಮುಟದಲ್ಲಿ ಹೊರಬಂದಾಗ ಕಪ್ಪಾಗಿತ್ತು, ನೆನೆದು ಉಬ್ಬಿತ್ತು. ಒಂದು ತುದಿಯಲ್ಲಿ ನಿನ್ನ ಹಲ್ಲಿನ ಗುರುತು ಇನ್ನೂ ಇತ್ತು.

ಮಾಮ, ಶ್ವಾಸಕೋಶ ಪೂರ್ತಿ ಸರಿಹೋಗುತ್ತದೆ. ದನಿಯ ವಿಷಯದಲ್ಲಿ ಹಾಗೆ ಹೇಳಲಾರೆ. ಒಂದು ತಂತುವಿನ ಮೇಲೆ ಕಲೆ ಉಳಿದಿದೆ. ದನಿ ಬರುತ್ತದೆ, ಹಿಂದಿನಂತೆಯೇ ಬರುತ್ತದೆ ಎಂದು ಬರೆದುಕೊಡಲು ನನ್ನಿಂದಾಗದು. ನಿಜವನ್ನೇ ಬರೆಯಬೇಕೆಂದು ಕೂತಿದ್ದರಿಂದ ಬರೆದೆ.

ಮೊನ್ನೆ ಮುಳಬಾಗಿಲು ಕಡೆಯ ಮುತ್ಯಾಲಮ್ಮ ಎಂಬ ಅಜ್ಜಿ ಆಪರೇಷನ್ನಿಗೆ ಬಂದಿದ್ದರು. ಬಾಯಿ ತೆರೆಯಿರಿ ಎಂದರೆ ಒಪ್ಪುತ್ತಿರಲಿಲ್ಲ. ಪುಸಲಾಯಿಸಿ ಬೆರಳು ಹಾಕಿದರೆ ಕುರುಡುಮಲೆ ಗಣಪನ ಗರಿಕೆ, ದವಡೆಯ ಸಂದಿಯಲ್ಲಿ. ತೆಗೆದು ತೊಳೆದು ಅವರ ಮುಂಗೈಗೆ ದಾರದಲ್ಲಿ ಕಟ್ಟಿದೆ. ಗಣಪ ಇಲ್ಲಿಂದಲೂ ನೋಡಿಕೊಳ್ಳುತ್ತಾನೆ ಅಂದೆ. ಅಜ್ಜಿ ಒಪ್ಪಿಕೊಂಡು ಮಲಗಿದರು.

ರತ್ನ


ಶ್ರೀನಿವಾಸಪುರ
9-7-1978

ಚಿ. ರತ್ನಳಿಗೆ ಮಾಮನ ಆಶೀರ್ವಾದ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಕಲೆಯ ವಿಷಯ ಓದಿ ಎರಡು ದಿನ ಜಗಲಿ ಬಿಟ್ಟು ಏಳಲಿಲ್ಲ. ಆಮೇಲೆ ತೋಟದ ಕಡೆ ಹೋಗಿ ಒಬ್ಬನೇ ಕೂಗಿ ನೋಡತೊಡಗಿದೆ. ಮಲಗಿದ್ದ ದನಗಳು ಏಳುತ್ತಿದ್ದವು. ಅಷ್ಟು ಸಾಕು ಎಂದು ನಿನ್ನೆ ಮಂಡಿಗೆ ಹೋದೆ.

ಬಾದಾಮಿ, ರಸಪುರಿ ಎಲ್ಲ ಮುಗಿದು ನೀಲಂ ಬರುತ್ತಿದೆ. ಈ ವರ್ಷ ನನ್ನ ಪಾಲಿಗೆ ಉಳಿದದ್ದು ಕೊನೆಯ ಹಣ್ಣು. ಯಜಮಾನ್ರು ಮೊದಲು ನನ್ನ ಎದೆಯನ್ನು, ಆಮೇಲೆ ಮುಖವನ್ನು ನೋಡಿ, ಒಂದು ರಾಶಿ ಕೂಗು ನೋಡೋಣ ಅಂದರು. ಹರಾಜು ಕೂಗುವ ಕಲ್ಲಿನ ಮೇಲೆ ಹತ್ತಿ ನಿಂತೆ. ನಾಲಿಗೆ ತಾನಾಗಿಯೇ ಎಡಗೆನ್ನೆಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಬೆಂಗಳೂರಿನಲ್ಲಿ ನೀನು ಅಲ್ಲಿ ಬೆರಳಾಡಿಸಿದ್ದು ನೆನಪಾಯಿತು. ಆಗ ನಾನು ನಕ್ಕಿದ್ದು ಧೈರ್ಯ ಬಂದದ್ದರಿಂದ. ಚಿಕ್ಕವಳಿದ್ದಾಗ ಒಂದು ಚೂರಿಗಾಗಿ ಹಾಗೆಯೇ ಬೆರಳು ಹಾಕುತ್ತಿದ್ದೆ, ನೀನು ಮರೆತಿರಬೇಕು.

ಕೂಗಿದೆ. ಒಂದೋ ಸಾರಿ ಎಂದದ್ದು ಕೊನೆಯ ರಾಶಿಯವರೆಗೆ ಹೋಯಿತು, ನಾನೇ ನೋಡಿದೆ, ಅಲ್ಲಿದ್ದವರು ತಿರುಗಿದರು. ಎರಡೋ ಸಾರಿ ಎನ್ನುವಾಗ ದನಿ ನಡುವೆಯೇ ಒಡೆಯಿತು. ಮೂರನೆಯದಕ್ಕೆ ಬಾಯಿ ತೆರೆದರೆ ಗಾಳಿಯಷ್ಟೇ ಬಂತು. ಮಂಡಿಗೆ ಮಂಡಿಯೇ ನನ್ನ ಬಾಯಿ ನೋಡಿತು. ಅಂಥ ನಾಚಿಕೆಯನ್ನು ನಾನು ಆಸ್ಪತ್ರೆಯಲ್ಲೂ ಪಟ್ಟಿರಲಿಲ್ಲ. ಆಗ ಕೆಳಗಿನಿಂದ ಮುನಿಶಾಮಿ ಕೂಗಿದ, ಮೂರೋ ಸಾರಿ ಎಂದು. ರಾಶಿ ಹೋಯಿತು. ಯಾರೂ ನಗಲಿಲ್ಲ. ಮುಂದಿನ ರಾಶಿಗೂ ನಾನು ಶುರುಮಾಡಿದೆ, ಅವನು ಮುಗಿಸಿದ. ಸಂಜೆಯವರೆಗೆ ಹಾಗೆಯೇ ನಡೆಯಿತು. ಯಜಮಾನ್ರು ಬೇಡ ಎನ್ನಲಿಲ್ಲ, ನಾಳೆಯೂ ಬಾ ಅಂದರು.

ಆಮೇಲೆ ಟೀಗೆ ಹೋದೆವು. ಅಶ್ವತ್ಥಪ್ಪ ರೂಢಿಯ ಮೇಲೆ ಕೆಂಪು ದಾರದ ಲೋಟವನ್ನೇ ನನ್ನ ಮುಂದಿಟ್ಟ. ನನಗೆ ಕ್ಷಯವಲ್ಲವೆಂದು ಊರಿಗೆಲ್ಲ ಗೊತ್ತು, ಅವನಿಗೂ ಗೊತ್ತು, ಆದರೂ ಕೈ ಅದಕ್ಕೇ ಹೋಯಿತು. ಮುನಿಶಾಮಿ ಆ ಲೋಟ ಎತ್ತಿ ಅರ್ಧ ಕುಡಿದ. ದಾರ ಕಿತ್ತು ಹಾಕಿ ಲೋಟವನ್ನು ನನ್ನ ಕೈಗೆ ಕೊಟ್ಟು, “ಕುಡಿಯಣ್ಣ, ಬೈಟೂ” ಅಂದ.

ಕುಡಿದೆ. ಕಣ್ಣಲ್ಲಿ ನೀರು ಬಂತು. ಟೀ ಬಿಸಿಯಾಗಿತ್ತು ಅದಕ್ಕೆ ಎಂದು ಬರೆಯಲು ಹೊರಟಿದ್ದೆ. ಬೇಡ, ನಿನ್ನ ಹತ್ತಿರ ಇನ್ನು ಮುಚ್ಚಿಡುವುದಿಲ್ಲ. ಟೀ ಆರಿಹೋಗಿತ್ತು.

ನಿನ್ನ ಮಾಮ